ಮೂಸೆಗೋ, ಪೆಟ್ಟಿಗೆಗೋ: ಬೆಳ್ಳಿ ರೂಪಾಯಿಯ ಮೂರು ಬೆಲೆ

ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಸೀಮೆಯಲ್ಲಿ ಹಳೆಯ ಬೆಳ್ಳಿ ರೂಪಾಯಿಗೆ ಬೆಲೆ ಮೂರು. ಪತ್ತಾರನ ತಕ್ಕಡಿ ಹೇಳುವುದು ಒಂದು, ಬೆಂಗಳೂರು, ಮುಂಬಯಿ ಹರಾಜಿನವರ ಪಟ್ಟಿ ಹೇಳುವುದು ಇನ್ನೊಂದು, ದೀಪಾವಳಿ ಅಮಾವಾಸ್ಯೆಯ ದಿನ ಗಲ್ಲಾ ಪೆಟ್ಟಿಗೆಯ ಮುಂದೆ ಲಕ್ಷ್ಮಿಯಾಗಿ ಕೂತಾಗಿನದು ಮತ್ತೊಂದು. ಮೊದಲನೆಯದು ದಿನಾ ಏರಿಳಿಯುತ್ತದೆ. ಎರಡನೆಯದು ಬೆರಳೆಣಿಕೆಯ ನಾಣ್ಯಗಳಿಗಷ್ಟೇ ದಕ್ಕುತ್ತದೆ. ಮೂರನೆಯದಕ್ಕೆ ದರಪಟ್ಟಿಯೇ ಇಲ್ಲ. ಆದರೆ ವಿಕ್ಟೋರಿಯಾ ರಾಣಿಯ, ಎಡ್ವರ್ಡನ, ಜಾರ್ಜನ ಮುಖಗಳು ಇಷ್ಟು ಕಾಲ ಮೂಸೆಗೆ ಬೀಳದೆ ಟ್ರಂಕಿನ ತಳದಲ್ಲಿ ಉಳಿದದ್ದು ಆ ಮೂರನೆಯದರ ದೆಸೆಯಿಂದಲೇ. ಈಗ ಮೊದಲನೆಯದು ಮೂರನೆಯದನ್ನು ಪಕ್ಕಕ್ಕೆ ತಳ್ಳುತ್ತಿದೆ. 2025ರ ಆರಂಭದಲ್ಲಿ ಕಿಲೋಗೆ 90 ಸಾವಿರದ ಆಸುಪಾಸಿನಲ್ಲಿದ್ದ ಬೆಳ್ಳಿ ಅದೇ ವರ್ಷದ ಡಿಸೆಂಬರಿನಲ್ಲಿ ಎರಡು ಲಕ್ಷ ದಾಟಿತು. ಅಜ್ಜಿ ಇಟ್ಟುಹೋದ ಚೀಲವನ್ನು ಮೊಮ್ಮಕ್ಕಳು ಬಿಚ್ಚಿ ಎಣಿಸತೊಡಗಿದ್ದಾರೆ. ಮಾರುವುದೋ ಇಡುವುದೋ, ಇಟ್ಟರೆ ಮುಂದೆ ಇದಕ್ಕೆ ನಾಣ್ಯವೆಂಬ ಬೆಲೆ ಬರುತ್ತದೆಯೋ ಅಥವಾ ಲೋಹದ ಬೆಲೆಯಷ್ಟೇ ಗತಿಯೋ ಎಂಬ ಪ್ರಶ್ನೆ ಮನೆಮನೆಯದಾಗಿದೆ.

ಮೊದಲು ಲೆಕ್ಕ. 1835ರಲ್ಲಿ ಕಂಪನಿ ಸರ್ಕಾರ ತನ್ನ ಆಳ್ವಿಕೆಯ ಪ್ರದೇಶಕ್ಕೆಲ್ಲ ಒಂದೇ ರೂಪಾಯಿ ಮಾಡಿದಾಗ ಅದರ ತೂಕವನ್ನು 180 ಗ್ರೇನ್ ಎಂದು ನಿಗದಿ ಮಾಡಿತು. ಇಂದಿನ ಅಳತೆಯಲ್ಲಿ 11.66 ಗ್ರಾಂ. ಅದರಲ್ಲಿ ಹನ್ನೆರಡರಲ್ಲಿ ಹನ್ನೊಂದು ಪಾಲು ಬೆಳ್ಳಿ, ಉಳಿದದ್ದು ತಾಮ್ರ. ಅಂದರೆ ಒಂದು ರೂಪಾಯಿಯಲ್ಲಿ ಶುದ್ಧ ಬೆಳ್ಳಿ 10.69 ಗ್ರಾಂ. ನಾಲ್ಕನೆಯ ವಿಲಿಯಮನ ನಾಣ್ಯದಿಂದ ಆರನೆಯ ಜಾರ್ಜನ ಮೊದಲ ನಾಣ್ಯಗಳವರೆಗೆ, ನೂರು ವರ್ಷಕ್ಕೂ ಹೆಚ್ಚು ಕಾಲ ಈ ಅಳತೆ ಕದಲಲಿಲ್ಲ. ಎಂಟಾಣೆಯಲ್ಲಿ ಅದರ ಅರ್ಧ, ಪಾವಲಿಯಲ್ಲಿ ಕಾಲು. ಬೆಳ್ಳಿ ಕಿಲೋಗೆ ಒಂದು ಲಕ್ಷ ಇದ್ದರೆ ರೂಪಾಯಿ ನಾಣ್ಯದ ಬೆಳ್ಳಿಗೆ 1,069 ರೂಪಾಯಿ. ಎರಡು ಲಕ್ಷವಾದರೆ 2,138. ಕಿಲೋ ದರ ಸಾವಿರ ಏರಿದಾಗೆಲ್ಲ ನಾಣ್ಯಕ್ಕೆ ಹತ್ತೂವರೆ ರೂಪಾಯಿಯ ಮೇಲೆ ಚೂರು ಸೇರುತ್ತದೆ. ಬಹಳ ಕೈ ಬದಲಿಸಿ ಸವೆದ ನಾಣ್ಯ 11.4 ಗ್ರಾಮಿಗೆ ಇಳಿದಿರಬಹುದು, ಅಷ್ಟನ್ನು ಕಳೆಯಬೇಕು. ಇಷ್ಟು ಗೊತ್ತಿದ್ದರೆ ಅಂಗಡಿಯ ಮೆಟ್ಟಿಲು ಹತ್ತುವ ಮುಂಚೆಯೇ ಬಾಯಿಲೆಕ್ಕ ಮುಗಿದಿರುತ್ತದೆ.

ಆದರೂ ಜನ ಏಮಾರುವುದು ‘ತೊಲ’ದ ಹತ್ತಿರ. ಹಿಂದೆ ಬಂದಾ ರೂಪಾಯಿಯೇ ತೊಲ, ತೊಲವೇ ಬಂದಾ ರೂಪಾಯಿ. ಪತ್ತಾರರು ಚಿನ್ನ ತೂಗುವಾಗ ತಕ್ಕಡಿಯ ಒಂದು ತಟ್ಟೆಯಲ್ಲಿ ರಾಣಿಯ ರೂಪಾಯಿಯನ್ನೇ ಬೊಟ್ಟಾಗಿ ಇಡುತ್ತಿದ್ದರು. 80 ರೂಪಾಯಿ ತೂಕಕ್ಕೆ ಒಂದು ಪಕ್ಕಾ ಸೇರು. ಮೆಟ್ರಿಕ್ ಪದ್ಧತಿ ಬಂದಮೇಲೆ ವ್ಯಾಪಾರದ ಬಾಯಲ್ಲಿ ತೊಲ ಎಂದರೆ ಹತ್ತು ಗ್ರಾಂ ಎಂದು ದುಂಡಗಾಯಿತು. ‘ಒಂದು ರೂಪಾಯಿ ಒಂದು ತೊಲ, ತೊಲ ಅಂದ್ರ ಹತ್ತು ಗ್ರಾಂ, ಅದರಾಗ ತಾಮ್ರದ್ದು ಕಳೀರಿ’ ಎಂದು ಯಾರಾದರೂ ಸರಾಗವಾಗಿ ಹೇಳಿದರೆ ಅಲ್ಲಿಗೆ 9.17 ಗ್ರಾಂ ಬೆಳ್ಳಿಗೆ ಮಾತ್ರ ದುಡ್ಡು ಬಂತು. ಒಂದೂವರೆ ಗ್ರಾಂ ಮಾತಿನಲ್ಲೇ ಕರಗಿತು. ಎರಡು ಲಕ್ಷದ ದರದಲ್ಲಿ ನಾಣ್ಯಕ್ಕೆ ಮುನ್ನೂರು ರೂಪಾಯಿ. ಇದರ ಮೇಲೆ ತೇಮಾನು ಬೇರೆ. ತೇಮಾನು ನ್ಯಾಯವೇ, ಕರಗಿಸಿ ಶುದ್ಧ ಮಾಡುವವರಿಗೆ ಖರ್ಚಿರುತ್ತದೆ. ಆದರೆ ಎಣಿಸಿ ಮಾರಬಾರದು, ತೂಗಿ ಮಾರಬೇಕು. ಗ್ರಾಮಿನಲ್ಲಿ ತೂಗಿ, 91.6ರ ಟಂಚ (ಶುದ್ಧಿ) ಹಿಡಿದು.

ಎಣಿಸಿದರೆ ಎದುರಾಗುವ ಇನ್ನೊಂದು ತೊಡಕು ಯುದ್ಧದ ರೂಪಾಯಿ. ಹಾವೇರಿಯ ಒಂದು ಸಣ್ಣ ಪತ್ತಾರಿಕೆ ಅಂಗಡಿಯಲ್ಲಿ ಇದನ್ನು ಹತ್ತಿರದಿಂದ ನೋಡಿದೆ. ಹಿರಿಯ ಹೆಣ್ಣುಮಗಳೊಬ್ಬಳು ಕುಂಕುಮ ಮೆತ್ತಿದ ಅರಿವೆಯ ಗಂಟನ್ನು ಬಿಚ್ಚಿ ರೂಪಾಯಿಗಳನ್ನು ಗಾಜಿನ ಮೇಲೆ ಸುರಿದಳು. ಪತ್ತಾರ ಹುಡುಗ ಮುಖ ನೋಡಲಿಲ್ಲ, ಇಸವಿಯನ್ನೂ ನೋಡಲಿಲ್ಲ. ಒಂದೊಂದನ್ನೇ ಕಲ್ಲಿನ ಮೇಲೆ ಪುಟಿಸಿ ಸದ್ದು ಕೇಳಿದ, ಅಂಚಿನ ಮೇಲೆ ಉಗುರು ಆಡಿಸಿದ, ಎರಡು ಗುಂಪು ಮಾಡಿದ. ಒಂದು ಗುಂಪಿನದು ಠಣ್ ಎಂದು ಎಳೆದು ನಿಲ್ಲುವ ದನಿ, ಅಂಚಿನಲ್ಲಿ ನೇರ ಕಚ್ಚುಗಳು. ಇನ್ನೊಂದರದು ತುಸು ಮೊಂಡು ದನಿ, ಅಂಚಿನ ನಡುವೆ ಒಂದು ಗೆರೆ ಕೊರೆದಂತೆ. 

‘ತಮ್ಮಾ, ಎಲ್ಲಾ ರೂಪಾಯಿನೂ ಒಂದಽ ಅಲ್ಲೇನು?’ ಎಂದಳು ಆಕೆ. 

‘ಅಲ್ಲ ಯವ್ವಾ, ರಾಣೀದು ಬ್ಯಾರೆ, ಇವು ಲಡಾಯಿ ಕಾಲದ್ದು ಬ್ಯಾರೆ. ಇದ್ರಾಗ ಅರ್ಧಾ ಚಾಂದಿ ಐತಿ, ಅರ್ಧಾ ಕಲಬೆರಕಿ.’ 

ಹುಡುಗ ಹೇಳಿದ್ದು ಸರಿ. 1940ರ ಕೊನೆಯಿಂದ ಸರ್ಕಾರ ರೂಪಾಯಿಯ ಬೆಳ್ಳಿಯನ್ನು ಅರ್ಧಕ್ಕಿಳಿಸಿತು. ನೂರಕ್ಕೆ 50 ಪಾಲು ಬೆಳ್ಳಿ, 40 ಪಾಲು ತಾಮ್ರ, ಉಳಿದ ಹತ್ತರಲ್ಲಿ ನಿಕ್ಕಲ್ ಮತ್ತು ಸತುವು ಸಮಪಾಲು. ತೂಕ ಅದೇ, ಬೆಳ್ಳಿ 5.83 ಗ್ರಾಂ. ಆ ಗಂಟಿನಲ್ಲಿ ಮುಕ್ಕಾಲು ಪಾಲು ಇಂಥವೇ ಇದ್ದವು. ಆಕೆ ಅಂದು ಏನನ್ನೂ ಮಾರದೆ ಗಂಟು ಕಟ್ಟಿಕೊಂಡು ಹೋದಳು.

ಈ ನಾಣ್ಯಗಳು ಈ ಸೀಮೆಗೆ ಬಂದ ದಾರಿ ಸ್ವಾರಸ್ಯದ್ದು. 1997ರಲ್ಲಿ ಹಾವೇರಿ ಬೇರೆ ಜಿಲ್ಲೆಯಾಗುವವರೆಗೆ ಇದೆಲ್ಲ ಧಾರವಾಡ ಜಿಲ್ಲೆ, ಅದಕ್ಕೂ ಮುಂಚೆ ಮುಂಬಯಿ ಇಲಾಖೆ. ಅದಕ್ಕೇ ಇಲ್ಲಿ ಹೆಚ್ಚಾಗಿ ಸಿಗುವುದು ಮುಂಬಯಿ ಟಂಕಸಾಲೆಯ ರೂಪಾಯಿ. ಅದಕ್ಕೂ ಹಿಂದೆ ದಕ್ಷಿಣದ ಈ ಭಾಗ ಮುಖ್ಯವಾಗಿ ಹೊನ್ನು, ಹಣಗಳ ನಾಡು. ಸವಣೂರಿನ ನವಾಬರ ಹೊನ್ನು ಹೆಸರಾಂತದ್ದು. ಟಿಪ್ಪುವಿನ ಎರಡು ರೂಪಾಯಿಯ ‘ಹೈದರಿ’, ಒಂದು ರೂಪಾಯಿಯ ‘ಇಮಾಮಿ’, ಬಾಗಲಕೋಟೆಯಲ್ಲಿ ಟಂಕಿಸಿದ ಮರಾಠರ ಕಾಲದ ರೂಪಾಯಿ ಹೀಗೆ ಬೆಳ್ಳಿಯೂ ಓಡಾಡುತ್ತಿತ್ತು. ಆದರೆ ಹಳ್ಳಿಯ ಒಕ್ಕಲಿಗನ ಮನೆಯವರೆಗೆ ಬೆಳ್ಳಿ ರೂಪಾಯಿ ರಾಶಿಯಾಗಿ ಹರಿದು ಬಂದದ್ದು ಹತ್ತಿಯ ಹಿಂದೆ. 1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಶುರುವಾಗಿ ಅಲ್ಲಿಯ ಹತ್ತಿ ಇಂಗ್ಲೆಂಡಿಗೆ ಹೋಗುವುದು ನಿಂತಾಗ ಲಿವರ್‌ಪೂಲಿನ ದಲಾಲರ ಕಣ್ಣು ಮುಂಬಯಿಯ ಮೇಲೆ ಬಿತ್ತು. ‘ಧಾರವಾಡ ಅಮೇರಿಕನ್’ ಎಂಬ ತಳಿ ಆ ಪೇಟೆಯಲ್ಲಿ ಹೆಸರು ಮಾಡಿತ್ತು. 1865ರಲ್ಲಿ ಯುದ್ಧ ಮುಗಿಯುವವರೆಗೆ ಹತ್ತಿಯ ದರ ಆಕಾಶಕ್ಕೇರಿ, ಹಡಗುಗಟ್ಟಲೆ ಬೆಳ್ಳಿ ಮುಂಬಯಿಗೆ ಬಂದು ಟಂಕಸಾಲೆಯಲ್ಲಿ ರೂಪಾಯಿಯಾಯಿತು. ಆ ರೂಪಾಯಿಯ ಮೇಲಿನ ಇಸವಿ 1862. ರಾಣೆಬೆನ್ನೂರು ಕಡೆಯ ಹಳೆಯ ಮನೆಗಳಲ್ಲಿ 1862ರ ರಾಣಿ ರೂಪಾಯಿ ಕಂಡಾಗ ನನಗೆ ಮೊದಲು ನೆನಪಾಗುವುದು ಹತ್ತಿ ಗಾಡಿ.

ಇಸವಿಯ ವಿಷಯದಲ್ಲಿ ಒಂದು ಮಾತು ಇಲ್ಲೇ ಹೇಳಿಬಿಡಬೇಕು. 1862 ಎಂದು ಇದ್ದಮಾತ್ರಕ್ಕೆ ಅದು ಆ ವರ್ಷದ್ದೇ ಅಲ್ಲ. 1874ರವರೆಗೂ ಅದೇ ಇಸವಿಯನ್ನೇ ಅಚ್ಚೊತ್ತಿದರು. ಯಾವ ವರ್ಷದ್ದೆಂದು ತಮಗಷ್ಟೇ ತಿಳಿಯಲೆಂದು ಮುಂಬಯಿಯವರು ಇಸವಿಯ ಕೆಳಗೂ ‘ಒನ್’ ಎಂಬ ಪದದ ಮೇಲೂ ಸಣ್ಣ ಚುಕ್ಕಿಗಳನ್ನಿಟ್ಟರು. ಇವತ್ತು ಸಂಗ್ರಾಹಕರು ಭೂತಗನ್ನಡಿ ಹಿಡಿದು ಎಣಿಸುವುದು ಆ ಚುಕ್ಕಿಗಳನ್ನು. ಎರಡು ನಾಣ್ಯ ಅಕ್ಕಪಕ್ಕ ಇಟ್ಟರೆ ಬರಿಗಣ್ಣಿಗೆ ಒಂದೇ. ಚುಕ್ಕಿಯ ಲೆಕ್ಕದಲ್ಲಿ ಒಂದು ಮೂಸೆಗೆ ಯೋಗ್ಯ, ಇನ್ನೊಂದು ಅದರ ಹಲವು ಪಟ್ಟು.

ಬಂದ ಬೆಳ್ಳಿ ರೂಪಾಯಿಯಾಗಿಯೇ ಉಳಿಯಲಿಲ್ಲ. ಕಾಲಕಡಗ, ಉಡದಾರ, ಡಾಬು, ಲಿಂಗದ ಕರಡಿಗೆ, ದೇವರ ಮುಖ ಎಂದು ಪತ್ತಾರನ ಕುಲುಮೆಗೆ ಹೋಗಿ ರೂಪ ಬದಲಿಸಿತು. ರೂಪಾಯಿ ಕೊಟ್ಟರೆ ಬೆಳ್ಳಿಯ ಗುಣಮಟ್ಟದ ಬಗ್ಗೆ ತಕರಾರಿಲ್ಲ, ಸರ್ಕಾರವೇ ಟಂಚ ಕಟ್ಟಿಕೊಟ್ಟಂತೆ. ಹಾಗಾಗಿ ‘ಇಪ್ಪತ್ತು ರೂಪಾಯಿ ಕಡಗ’ ಎಂದರೆ ಇಪ್ಪತ್ತು ನಾಣ್ಯ ಕರಗಿಸಿ ಮಾಡಿದ್ದು ಎಂದೇ ಅರ್ಥ. ಬರ ಬಿದ್ದಾಗ ಇದೇ ಬೆಳ್ಳಿ ಹಿಂದಕ್ಕೆ ನಡೆಯುತ್ತಿತ್ತು. 1876–78ರ ಧಾತು ಬರದಲ್ಲಿ ಜನ ಮಾರಿದ ಒಡವೆಗಳು ಮುಂಬಯಿ ಟಂಕಸಾಲೆಗೆ ರಾಶಿರಾಶಿಯಾಗಿ ಬಂದು ಮತ್ತೆ ರೂಪಾಯಿಯಾದವು. ಆಗ ಯಾರು ಬೇಕಾದರೂ ಬೆಳ್ಳಿ ಒಯ್ದು ಟಂಕಸಾಲೆಯಲ್ಲಿ ರೂಪಾಯಿ ಮಾಡಿಸಬಹುದಿತ್ತು. ಕಡಗಕ್ಕೂ ನಾಣ್ಯಕ್ಕೂ ನಡುವೆ ಇದ್ದದ್ದು ಬರಿಯ ಮಜೂರಿ.

1893ರಲ್ಲಿ ಸರ್ಕಾರ ಆ ಬಾಗಿಲು ಮುಚ್ಚಿತು. ಜಗತ್ತಿನಲ್ಲಿ ಬೆಳ್ಳಿ ಅಗ್ಗವಾಗುತ್ತ ಹೋದಂತೆ ರೂಪಾಯಿಯೂ ಅಗ್ಗವಾಗಿ, ಲಂಡನ್ನಿಗೆ ಕಳಿಸಬೇಕಾದ ಹಣದ ಹೊರೆ ಹೆಚ್ಚುತ್ತಿತ್ತು. ಖಾಸಗಿಯವರ ಬೆಳ್ಳಿಗೆ ಟಂಕಸಾಲೆ ನಿಲ್ಲಿಸಿ ರೂಪಾಯಿಯನ್ನು ಒಂದು ಶಿಲಿಂಗ್ ನಾಲ್ಕು ಪೆನ್ಸಿಗೆ ಎತ್ತಿ ಹಿಡಿದರು. ಪರಿಣಾಮ ಬಿದ್ದದ್ದು ಕಡಗದ ಮೇಲೆ. 1896ರ ಮತ್ತು 1899ರ ಬರಗಳಲ್ಲಿ ಒಡವೆ ಮಾರಲು ಹೋದವರಿಗೆ ತಾವು ಕರಗಿಸಿದಷ್ಟು ರೂಪಾಯಿ ವಾಪಸು ಸಿಗಲಿಲ್ಲ. ನಾಣ್ಯವಾಗಿಯೇ ಇಟ್ಟವರು ಗೆದ್ದರು. ಲೋಹಕ್ಕಿಂತ ಮುದ್ರೆಗೆ ಬೆಲೆ ಹೆಚ್ಚು ಎಂಬ ಪಾಠವನ್ನು ಈ ದೇಶದ ರೈತ ಕಲಿತದ್ದು ಹಾಗೆ, ಬಡ್ಡಿ ಸಮೇತ. ಅಂಬೇಡ್ಕರರು 1923ರಲ್ಲಿ ಲಂಡನ್ನಿನಲ್ಲಿ ಪ್ರಕಟಿಸಿದ ರೂಪಾಯಿಯ ಸಮಸ್ಯೆಯ ಕುರಿತ ಗ್ರಂಥ ಈ ಕಾಲದ ಕತೆಯನ್ನೇ ಕೆದಕುತ್ತದೆ.

ಆಮೇಲೆ ತಿರುಗುಬಾಣ. ಮೊದಲ ಮಹಾಯುದ್ಧದಲ್ಲಿ ಬೆಳ್ಳಿ ಏರಿತು. ಲಂಡನ್ನಿನಲ್ಲಿ ಔನ್ಸಿಗೆ 43 ಪೆನ್ಸ್ ದಾಟಿದರೆ ರೂಪಾಯಿಯೊಳಗಿನ ಬೆಳ್ಳಿ ರೂಪಾಯಿಗಿಂತ ತುಟ್ಟಿಯಾಗುತ್ತದೆ. 1917ರಲ್ಲಿ ಆ ಗೆರೆ ದಾಟಿತು. ನಾಣ್ಯವನ್ನು ನಾಣ್ಯವಾಗಿಯಲ್ಲದೆ ಬೇರೆ ಯಾವುದಕ್ಕೂ ಬಳಸುವುದು ಅಪರಾಧವೆಂದು ಆ ವರ್ಷವೇ ಸರ್ಕಾರ ಸಾರಿತು, ಒಂದು ರೂಪಾಯಿಯ ನೋಟನ್ನೂ ಹೊರಡಿಸಿತು. ಆದರೂ ರೂಪಾಯಿ ಸಾಲಲಿಲ್ಲ. 1918ರಲ್ಲಿ ಅಮೆರಿಕ ‘ಪಿಟ್‌ಮನ್ ಕಾಯ್ದೆ’ ಮಾಡಿ ತನ್ನ ಖಜಾನೆಯ 27 ಕೋಟಿ ಬೆಳ್ಳಿ ಡಾಲರುಗಳನ್ನು ಕರಗಿಸಿ, ಬಹುಪಾಲನ್ನು ಭಾರತಕ್ಕಾಗಿ ಬ್ರಿಟನ್ನಿಗೆ ಮಾರಿತು. ಅಂದರೆ ನಮ್ಮ ಟ್ರಂಕಿನಲ್ಲಿರುವ ಐದನೆಯ ಜಾರ್ಜನ ರೂಪಾಯಿ ಹಿಂದಿನ ಜನ್ಮದಲ್ಲಿ ಅಮೆರಿಕದ ಡಾಲರಾಗಿದ್ದಿರಬಹುದು. ಅತ್ತ ಅಮೆರಿಕದ ಸಂಗ್ರಾಹಕರು ಇವತ್ತಿಗೂ ಆ ಕಾಯ್ದೆಯನ್ನು ಶಪಿಸುತ್ತಾರೆ; ಯಾವ ಇಸವಿಯವು ಎಷ್ಟು ಕರಗಿದವೆಂದು ಯಾರೂ ಲೆಕ್ಕ ಇಡಲಿಲ್ಲವಂತೆ.

ಎರಡನೆಯ ಮಹಾಯುದ್ಧದಲ್ಲಿ ಮತ್ತದೇ. 1940ರ ಬೇಸಿಗೆಯಲ್ಲಿ ಫ್ರಾನ್ಸ್ ಬಿದ್ದ ಸುದ್ದಿ ಬಂದದ್ದೇ ತಡ ನೋಟು ಕೊಟ್ಟು ಬೆಳ್ಳಿ ರೂಪಾಯಿ ಒಯ್ಯುವವರ ಸಾಲು ಬೆಳೆಯಿತು. ಅವಶ್ಯಕತೆ ಮೀರಿ ನಾಣ್ಯ ಕೂಡಿಡುವುದು ಅಪರಾಧ ಎಂದರು, ಬೆಳ್ಳಿಯನ್ನು ಅರ್ಧಕ್ಕಿಳಿಸಿದರು. 1940ರ ದಶಕದ ಮೊದಲ ವರ್ಷಗಳಲ್ಲಿ ವಿಕ್ಟೋರಿಯಾಳದು, ಎಡ್ವರ್ಡನದು, ಆಮೇಲೆ ಜಾರ್ಜರದು ಹೀಗೆ ಸರದಿಯ ಮೇಲೆ ಹಳೆಯ ಪೂರ್ಣಬೆಳ್ಳಿಯ ರೂಪಾಯಿಗಳ ಚಲಾವಣೆ ರದ್ದಾಯಿತು. ಸ್ವಾತಂತ್ರ್ಯ ಹೋರಾಟಗಾರ ಮೈಲಾರ ಮಹಾದೇವಪ್ಪನವರು ಸಂಗಾತಿಗಳೊಂದಿಗೆ ಹೊಸರಿತ್ತಿಯಲ್ಲಿ ಕಂದಾಯದ ಹಣದ ಮೇಲೆ ದಾಳಿಗೆ ಹೋಗಿ ಗುಂಡಿಗೆ ಬಲಿಯಾದದ್ದು 1943ರ ಏಪ್ರಿಲ್ 1ರಂದು. ಅದೇ ಕಾಲದಲ್ಲಿ ನಾಣ್ಯದೊಳಗಿನ ಬೆಳ್ಳಿಯನ್ನೂ ಸರ್ಕಾರ ಹಿಂದಕ್ಕೆ ಎಳೆದುಕೊಳ್ಳುತ್ತಿತ್ತು. ಯುದ್ಧಕಾಲದಲ್ಲಿ ಅಮೆರಿಕದಿಂದ ಕಡ ತಂದ 22.6 ಕೋಟಿ ಔನ್ಸ್ ಬೆಳ್ಳಿಯಲ್ಲಿ ತನ್ನ ಪಾಲನ್ನು ಸ್ವತಂತ್ರ ಭಾರತ 1957ರ ಹೊತ್ತಿಗೆ ತೀರಿಸಿತು. ತೀರಿಸಲು ಬೇಕಾದ ಬೆಳ್ಳಿ ಬಂದದ್ದು ಹಿಂತೆಗೆದುಕೊಂಡ ಅರ್ಧಬೆಳ್ಳಿ ನಾಣ್ಯಗಳನ್ನು ಕರಗಿಸಿ. ಕಲ್ಕತ್ತೆಯ ಅಲಿಪುರದಲ್ಲಿ ಅದಕ್ಕೆಂದೇ ಶುದ್ಧೀಕರಣ ಘಟಕ ಕಟ್ಟಿದರು.

ಇಷ್ಟನ್ನು ಹೇಳಿದ್ದು ಏಕೆಂದರೆ, ‘ಈಗ ಎಲ್ಲರೂ ಕರಗಿಸುತ್ತಿದ್ದಾರೆ, ಉಳಿಸಿಕೊಂಡವನೇ ಸಾಹುಕಾರ’ ಎಂಬ ಮಾತು ಬಹಳ ಓಡಾಡುತ್ತಿದೆ. ಕರಗಿಸುವುದು ಇವತ್ತಿನದಲ್ಲ, ನೂರೈವತ್ತು ವರ್ಷದಿಂದ ನಡೆದೇ ಇದೆ. ಅಷ್ಟು ಕರಗಿಯೂ ಕೆಲವು ಇಸವಿಯವು ಇನ್ನೂ ಬುಟ್ಟಿಗಟ್ಟಲೆ ಸಿಗುತ್ತವೆ. 1918ರ ಒಂದೇ ವರ್ಷದಲ್ಲಿ ಮುಂಬಯಿ, ಕಲ್ಕತ್ತೆ ಎರಡೂ ಸೇರಿ 40 ಕೋಟಿಗೂ ಹೆಚ್ಚು ರೂಪಾಯಿ ಟಂಕಿಸಿದ್ದವು. ಸವೆದ 1918ರ ರೂಪಾಯಿ ನಮ್ಮ ಮೊಮ್ಮಕ್ಕಳ ಕಾಲಕ್ಕೂ ಅಪರೂಪವಾಗುವುದಿಲ್ಲ ಎಂದು ನಾನು ಧೈರ್ಯವಾಗಿ ಬರೆಯಬಲ್ಲೆ. ಅಮೆರಿಕದಲ್ಲಿ 1964ರವರೆಗಿನ ಬೆಳ್ಳಿ ಚಿಲ್ಲರೆಯ ಗತಿಯೂ ಇದೇ. 1980ರ ಜನವರಿಯಲ್ಲಿ ಸಿರಿವಂತ ಹಂಟ್ ಸೋದರರ ಸಟ್ಟಾದಿಂದ ಬೆಳ್ಳಿ ಔನ್ಸಿಗೆ 50 ಡಾಲರಿನ ಹತ್ತಿರ ಹೋದಾಗ ಅಲ್ಲಿ ಲೆಕ್ಕವಿಲ್ಲದಷ್ಟು ನಾಣ್ಯ ಕುಲುಮೆ ಸೇರಿದವು. ಆದರೂ ಅಲ್ಲಿಯ ಸಾಮಾನ್ಯ ಇಸವಿಯ ನಾಣ್ಯಗಳು ಇಂದಿಗೂ ಚೀಲದ ಲೆಕ್ಕದಲ್ಲಿ, ಬೆಳ್ಳಿಯ ದರಕ್ಕೆ ಅಂಟಿಕೊಂಡೇ ಮಾರಾಟವಾಗುತ್ತವೆ.

ನಾಣ್ಯ ಅಪರೂಪವಾಗುವುದು ಬಹುಮಟ್ಟಿಗೆ ಹುಟ್ಟುವಾಗಲೇ. 1911ರ ರೂಪಾಯಿ ಅದಕ್ಕೆ ಒಳ್ಳೆಯ ಉದಾಹರಣೆ. ಐದನೆಯ ಜಾರ್ಜನ ನಿಲುವಂಗಿಯ ಮೇಲೆ ಆನೆಯ ಚಿತ್ರ ಇತ್ತು. ಸೊಂಡಿಲು ಚಿಕ್ಕದಾಗಿ ಅದು ಹಂದಿಯಂತೆ ಕಂಡು ಗದ್ದಲವೆದ್ದಿತು. 94 ಲಕ್ಷ ಟಂಕಿಸಿದ್ದರಲ್ಲಿ ಹೊರಬಿದ್ದಿದ್ದ ಸುಮಾರು 7 ಲಕ್ಷ ಬಿಟ್ಟು ಉಳಿದದ್ದನ್ನು ಕರಗಿಸಿ, ಮರುವರ್ಷ ಆನೆಯನ್ನು ತಿದ್ದಿದರು. ಆರನೆಯ ಜಾರ್ಜನ 1939ರ ರೂಪಾಯಿ ಇನ್ನೂ ದುರ್ಲಭ. ಎಷ್ಟು ದುರ್ಲಭವೆಂದರೆ 1938ರ ಎಂಟನ್ನು ಕೆರೆದು ಒಂಬತ್ತು ಮಾಡುವವರ ಒಂದು ಕಸುಬೇ ಬೆಳೆದಿದೆ. ಟಂಕಸಾಲೆಯ ಗುರುತನ್ನೂ ನೋಡಬೇಕು. ಐದನೆಯ ಜಾರ್ಜನ ರೂಪಾಯಿಯ ಹಿಂಬದಿಯಲ್ಲಿ ಕೆಳಗಿನ ಕಮಲದ ಹತ್ತಿರ ಸಾಸಿವೆಗಿಂತ ಸಣ್ಣ ಉಬ್ಬು ಚುಕ್ಕಿ ಇದ್ದರೆ ಮುಂಬಯಿ, ಇಲ್ಲದಿದ್ದರೆ ಕಲ್ಕತ್ತೆ. ಒಂದೇ ಇಸವಿಯಲ್ಲಿ ಒಂದು ಟಂಕಸಾಲೆಯದು ಅಗ್ಗ, ಇನ್ನೊಂದರದು ತುಟ್ಟಿ ಆಗಿರುವುದುಂಟು. ಹತ್ತು ನಿಮಿಷ ಬೆಳಕಿನಲ್ಲಿ ಕೂತು ಇಸವಿ, ಚುಕ್ಕಿ ನೋಡದೆ ಗಂಟನ್ನು ತೂಕಕ್ಕೆ ಹಾಕುವುದು ಮಾತ್ರ ದಡ್ಡತನ.

ಇಸವಿಗಿಂತಲೂ ದೊಡ್ಡದು ಸ್ಥಿತಿ. ಟಂಕಸಾಲೆಯಿಂದ ಬಂದಾಗಿನ ಹೊಳಪು, ರಾಣಿಯ ಕೂದಲ ಎಳೆ, ನಿಲುವಂಗಿಯ ಕಸೂತಿ ಕಾಣುವಂತಿದ್ದರೆ ಸಾಮಾನ್ಯ ಇಸವಿಯದಕ್ಕೂ ಬೆಳ್ಳಿಯ ಮೇಲೆ ಒಳ್ಳೆಯ ಬೆಲೆ ಬರುತ್ತದೆ. ಈ ಸೀಮೆಯ ನಾಣ್ಯಗಳು ಸೋಲುವುದು ಇಲ್ಲಿಯೇ, ಮತ್ತು ಸೋಲಿಸಿದ್ದು ಅವನ್ನು ಉಳಿಸಿದ ಪೂಜೆಯೇ. ವರ್ಷಕ್ಕೊಮ್ಮೆ ಹುಣಸೆಹಣ್ಣು, ವಿಭೂತಿ, ಈಗೀಗ ಪಾತ್ರೆ ಪುಡಿ ಹಚ್ಚಿ ಗಸಗಸ ತಿಕ್ಕಿ, ಅರಿಷಿಣ ಕುಂಕುಮ ಏರಿಸಿ, ಮರುವರ್ಷ ಮತ್ತೆ ತಿಕ್ಕಿ, ಮೂರು ತಲೆಮಾರಿನಲ್ಲಿ ರಾಣಿಯ ಮೂಗೇ ಮಾಯವಾಗಿರುತ್ತದೆ. ಬೆಳ್ಳಿಯ ಮೇಲೆ ತಾನಾಗಿ ಕೂತ ಕಪ್ಪು ಸಂಗ್ರಾಹಕನಿಗೆ ಬೇಕು; ಗೃಹಿಣಿಗೆ ಅದು ಕೊಳೆ. ಫಳಫಳ ಹೊಳೆಯುವ ನಾಣ್ಯ ನೋಡಿ ಮನೆಯವರು ಹಿಗ್ಗುತ್ತಾರೆ, ಹರಾಜಿನವನು ‘ತೊಳೆದದ್ದು’ ಎಂದು ಬರೆದು ಪಕ್ಕಕ್ಕಿಡುತ್ತಾನೆ. ಇದರಲ್ಲಿ ಯಾರದೂ ತಪ್ಪಿಲ್ಲ. ಲಕ್ಷ್ಮಿಯನ್ನು ತೊಳೆಯದೆ ಪೂಜಿಸುವುದುಂಟೆ? ಆದರೆ ಪೂಜೆಯ ನಾಣ್ಯವನ್ನು ಸಂಗ್ರಹದ ನಾಣ್ಯವೆಂದು ತಿಳಿದು ದೊಡ್ಡ ಮೊತ್ತದ ಕನಸು ಕಾಣಬಾರದು.

ಪೂಜೆಯ ಬೆಲೆ ಕೇವಲ ಭಾವನೆಯದಲ್ಲ, ಅದಕ್ಕೂ ಪೇಟೆ ಇದೆ. ಧನತ್ರಯೋದಶಿ, ದೀಪಾವಳಿ ಬಂದರೆ ಬ್ಯಾಡಗಿಯ ಮೆಣಸಿನಕಾಯಿ ವರ್ತಕರಿಂದ ಹಿಡಿದು ರಾಣೆಬೆನ್ನೂರಿನ ಬೀಜದ ವ್ಯಾಪಾರಿಗಳವರೆಗೆ ಗಲ್ಲಾ ಪೆಟ್ಟಿಗೆಯ ಪೂಜೆಗೆ ‘ರಾಣಿ ಛಾಪಿನ ರೂಪಾಯಿ’ಯೇ ಬೇಕು. ಹೊಸದಾಗಿ ಅಚ್ಚು ಹಾಕಿದ ಲಕ್ಷ್ಮಿ, ಗಣಪತಿಯ ಬೆಳ್ಳಿ ಬಿಲ್ಲೆ 99.9ರ ಶುದ್ಧಿಯದಾದರೂ ಹಳೆಯ ವರ್ತಕರಿಗೆ ಅದು ಒಗ್ಗುವುದಿಲ್ಲ. ದಿಲ್ಲಿಯ ಸರಾಫ ಬಜಾರಿನ ದರವನ್ನು ಪತ್ರಿಕೆಗಳು ಅಚ್ಚು ಮಾಡುವಾಗ ಚಿನ್ನ, ಬೆಳ್ಳಿಯ ಜೊತೆಗೆ ‘ನೂರು ಬೆಳ್ಳಿ ನಾಣ್ಯಕ್ಕೆ’ ಎಂಬ ಬೇರೆಯದೇ ಸಾಲು ಇರುತ್ತಿತ್ತು. ಹಬ್ಬದ ಮುಂಚೆ ಮಾರಿದರೆ ಕರಗಿಸುವ ಬೆಲೆಗಿಂತ ಮೇಲೆ ಸಿಗುವುದು ಈ ಬೇಡಿಕೆಯಿಂದ. ನಾಣ್ಯ ಮೂಸೆಗೆ ಹೋಗದೆ ಅಂಗಡಿಯಿಂದ ಅಂಗಡಿಗೆ ಕೈ ಬದಲಿಸುವುದೂ ಅದರಿಂದಲೇ. ಮುಗ್ಗಟ್ಟಿನಲ್ಲಿ ಮಾರುವವರಿಗೆ ಹಬ್ಬ ಕಾಯುವ ಭಾಗ್ಯವಿಲ್ಲ, ಅದು ಬೇರೆ ಮಾತು. 2024ರ ಮಾರ್ಚಿನಲ್ಲಿ ಮೆಣಸಿನಕಾಯಿ ದರ ಕುಸಿದು ಬ್ಯಾಡಗಿ ಮಾರುಕಟ್ಟೆಯಲ್ಲಿ ಗಲಭೆಯೇ ಆಯಿತು. ಅಂಥ ವರ್ಷ ಟ್ರಂಕು ತೆರೆಯುವವರು ಪಂಚಾಂಗ ನೋಡುವುದಿಲ್ಲ.

ಲಂಬಾಣಿ ತಾಂಡಾಗಳ ಹಾರಗಳದ್ದು ಇನ್ನೊಂದು ಕತೆ. ರೂಪಾಯಿ, ಎಂಟಾಣೆಗಳ ನೆತ್ತಿಗೆ ಕೊಂಡಿ ಬೆಸೆದು ಪೋಣಿಸಿದ ಆ ಹಾರದ ನಾಣ್ಯ ಸಂಗ್ರಾಹಕನ ಲೆಕ್ಕಕ್ಕೆ ಕೆಟ್ಟದ್ದು, ಬೆಸುಗೆ ಸೇರಿದ್ದರಿಂದ ಪತ್ತಾರನೂ ಟಂಚ ಇಳಿಸುತ್ತಾನೆ. ಬಿಡಿಸಿ ಮಾರಿದರೆ ಎರಡೂ ಕಡೆ ನಷ್ಟ. ಇಡೀ ಹಾರವಾಗಿ, ತೊಟ್ಟ ಒಡವೆಯಾಗಿ ಅದಕ್ಕಿರುವ ಬೆಲೆಯನ್ನು ನಮ್ಮ ಕಡೆ ಇನ್ನೂ ಯಾರೂ ಸರಿಯಾಗಿ ಕಟ್ಟಿಲ್ಲ. ಹಳೆಯ ಕೆಲಸದ ಬುಡಕಟ್ಟು ಒಡವೆಗೆ ಹೊರಗೆ ಕೊಳ್ಳುವವರಿದ್ದಾರೆ, ಅದೂ ನಡುವಿನ ದಲಾಲರಿಗೆ ಚೆನ್ನಾಗಿ ಗೊತ್ತು. ನನ್ನ ಕೇಳಿದರೆ ಮುಂದೆ ಬೆಲೆ ಏರುವ ವಸ್ತುಗಳಲ್ಲಿ ಈ ಹಾರ 1918ರ ರೂಪಾಯಿಗಿಂತ ಎಷ್ಟೋ ಮುಂದಿದೆ.

ಮುಂದಿನ ಕಾಲಕ್ಕೆ ಏನು ಉಳಿದೀತು? ನಾಣ್ಯದ ಸಂಗ್ರಹಬೆಲೆ ಎಷ್ಟು ಉಳಿದಿವೆ ಎಂಬುದಕ್ಕಿಂತ ಎಷ್ಟು ಜನಕ್ಕೆ ಬೇಕು ಎಂಬುದರ ಮೇಲೆ ನಿಂತಿದೆ. ಬೆಂಗಳೂರಿನ ಮರುಧರ್ ಆರ್ಟ್ಸ್, ಮುಂಬಯಿಯ ತೋಡಿವಾಲಾ ಮುಂತಾದ ಹರಾಜು ಮನೆಗಳ ಪಟ್ಟಿಗಳು ಈಗ ಮೊಬೈಲಿನಲ್ಲೇ ಸಿಗುವುದರಿಂದ ಹಳ್ಳಿಯ ಹುಡುಗನೂ ದರ ನೋಡಬಲ್ಲ. ವಿದೇಶಿ ಸಂಸ್ಥೆಗಳಿಗೆ ಕಳಿಸಿ, ದರ್ಜೆ ಬರೆಸಿ, ಪ್ಲಾಸ್ಟಿಕ್ ಡಬ್ಬಿಯಲ್ಲಿ ಮುದ್ರೆ ಒತ್ತಿಸಿ ತರಿಸುವ ರೂಢಿ ಬೆಳೆಯುತ್ತಿದೆ. ಇದರಿಂದ ಮೇಲಿನ ದರ್ಜೆಯ ನಾಣ್ಯ ಮತ್ತಷ್ಟು ಮೇಲೆ ಹೋಗುತ್ತದೆ, ನಡುವಿನ ದರ್ಜೆ ಬೆಳ್ಳಿಯ ಬೆಲೆಯೊಳಗೆ ಮುಳುಗುತ್ತದೆ. ಬೆಳ್ಳಿ ಅಗ್ಗವಿದ್ದ ಕಾಲದಲ್ಲಿ ಸಾಧಾರಣ ರಾಣಿ ರೂಪಾಯಿಗೂ ಲೋಹದ ಮೇಲೆ ಎದ್ದು ಕಾಣುವ ಹೆಚ್ಚಳವಿತ್ತು. ಬೆಳ್ಳಿ ಏರಿ ಬಂದು ಆ ಅಂತರವನ್ನು ನುಂಗಿದೆ. ಬೆಳ್ಳಿ ಇಳಿದರೆ ಅಂತರ ಮತ್ತೆ ತೆರೆದುಕೊಳ್ಳುತ್ತದೆ. ಆದರೆ ಆಗ ಒಟ್ಟು ಬೆಲೆಯೇ ಇಳಿದಿರುತ್ತದೆ.

ನನ್ನ ಪಂಥ ಚಿಲ್ಲರೆಯ ಮೇಲೆ. ಪಾವಲಿ, ಎರಡಾಣೆಯ ಬೆಳ್ಳಿ ನಾಣ್ಯಗಳನ್ನು ಯಾರೂ ಪೂಜೆಗಿಡಲಿಲ್ಲ, ಜೋಪಾನ ಮಾಡಲಿಲ್ಲ. ಒಂದೂವರೆ ಗ್ರಾಮಿನ ಎರಡಾಣೆ ಬೆರಳ ಸಂದಿಯಲ್ಲಿ ಜಾರಿ ಕಳೆದುಹೋಗುವಂಥದು. ಪತ್ತಾರನ ಮುಂದೆ ಅವನ್ನು ಹಿಡಿಯಾಗಿ ಸುರಿಯುತ್ತಾರೆ, ಆತ ನೋಡದೆ ಮೂಸೆಗೆ ಹಾಕುತ್ತಾನೆ. ಅಚ್ಚು ಅಳಿಯದ ಚಿಲ್ಲರೆ ಅಂಥ ರಾಶಿಯಲ್ಲಿ ಕಂಡರೆ ಬೆಳ್ಳಿಯ ದರಕ್ಕೆ ಬಿಟ್ಟುಕೊಡಬೇಡಿ. ಯುದ್ಧದ ಅರ್ಧಬೆಳ್ಳಿ ರೂಪಾಯಿಗೆ ಮಾತ್ರ ನನಗೆ ಭವಿಷ್ಯ ಕಾಣುವುದಿಲ್ಲ.

ಗಣರಾಜ್ಯದ ಬೆಳ್ಳಿಯನ್ನು ಜನ ಮರೆಯುತ್ತಾರೆ. ಗಾಂಧಿ ಶತಮಾನೋತ್ಸವಕ್ಕೆ 1969ರಲ್ಲಿ ಹೊರಬಂದ ಹತ್ತು ರೂಪಾಯಿಯ ನಾಣ್ಯ 15 ಗ್ರಾಂ, ನೂರಕ್ಕೆ 80 ಪಾಲು ಬೆಳ್ಳಿ. ಅಂದರೆ 12 ಗ್ರಾಂ ಶುದ್ಧ ಬೆಳ್ಳಿ, ರಾಣಿಯ ರೂಪಾಯಿಗಿಂತ ಹೆಚ್ಚು. ಮಾಸ್ತರಿಕೆ ಮಾಡಿ ನಿವೃತ್ತರಾದವರ ಮನೆಯಲ್ಲಿ ಇದು ಒಂದೆರಡಾದರೂ ಇರುತ್ತದೆ. ಆದರೆ ಬ್ರಿಟಿಷರ ರೂಪಾಯಿಯಂತೆ ಇದರ ಚಲಾವಣೆ ರದ್ದಾಗಿಲ್ಲ. 2011ರ ನಾಣ್ಯ ಕಾಯ್ದೆ ಚಲಾವಣೆಯ ನಾಣ್ಯವನ್ನು, ಸ್ಮರಣಾರ್ಥದ್ದನ್ನೂ ಸೇರಿಸಿ, ಕರಗಿಸುವುದನ್ನು ನಿಷೇಧಿಸುತ್ತದೆ. ಇದನ್ನು ನಾಣ್ಯವಾಗಿಯೇ ಮಾರಬೇಕು.

ಬೆಳ್ಳಿ ಒಡವೆಗೆ ಹಾಲ್‌ಮಾರ್ಕ್ ಇನ್ನೂ ಐಚ್ಛಿಕ. 2025ರ ಸೆಪ್ಟೆಂಬರ್ 1ರಿಂದ ಅದಕ್ಕೂ ಆರಂಕಿಯ ಗುರುತು ಬಂದಿದೆ. ಒಪ್ಪಿತ ದರ್ಜೆಗಳು 800, 835, 925, 958, 970, 990, 999. ರೂಪಾಯಿಯ 916 ಅದರಲ್ಲಿ ಇಲ್ಲವೇ ಇಲ್ಲ. ಹಾಗಾಗಿ ರೂಪಾಯಿ ಕರಗಿಸಿ ನೇರ ಕಡಗ ಮಾಡಿಸುವ ಹಳೆಯ ಪದ್ಧತಿಗೆ ಹಾಲ್‌ಮಾರ್ಕ್ ಸಿಗದು. ಶುದ್ಧ ಮಾಡಿ ಏರಿಸಬೇಕು, ಇಲ್ಲ ಬೆರಕೆ ಹಾಕಿ ಇಳಿಸಬೇಕು. ಬೆಳ್ಳಿಯ ಅಡವು ಸಾಲಕ್ಕೂ ರಿಸರ್ವ್ ಬ್ಯಾಂಕ್ 2026ರ ಏಪ್ರಿಲ್ 1ರಿಂದ ನಿಯಮ ಕಟ್ಟಿದೆ: ಆಭರಣ 10 ಕಿಲೋವರೆಗೆ, ನಾಣ್ಯ 500 ಗ್ರಾಂವರೆಗೆ.

ಮೋಸದ ಬಗ್ಗೆ ಹೆಚ್ಚು ಬರೆಯಬೇಕಿಲ್ಲ, ಪತ್ರಿಕೆಗಳಲ್ಲಿ ದಿನಾ ಬರುತ್ತದೆ. ಹಳೆಯ ನಾಣ್ಯಕ್ಕೆ ಲಕ್ಷಗಟ್ಟಲೆ ಕೊಡುತ್ತೇವೆಂದು ಹೇಳಿ ಮೊದಲು ‘ನೋಂದಣಿ ಶುಲ್ಕ’ ಕೇಳುವವರು ತನ್ನ ಹೆಸರನ್ನು ಬಳಸುತ್ತಿದ್ದಾರೆ, ನಂಬಬೇಡಿ ಎಂದು ರಿಸರ್ವ್ ಬ್ಯಾಂಕ್ 2021ರ ಆಗಸ್ಟಿನಲ್ಲಿಯೇ ಎಚ್ಚರಿಸಿತ್ತು. ರಾಮ, ಲಕ್ಷ್ಮಣ, ಹನುಮಂತರ ಚಿತ್ರದ, ‘ಈಸ್ಟ್ ಇಂಡಿಯಾ ಕಂಪನಿ 1818’ ಎಂದು ಬರೆದ ಅರ್ಧಾಣೆಗಳಂತೂ ಜಾತ್ರೆಯ ಬಿಲ್ಲೆಗಳು. ಕಂಪನಿ ಅಂಥವನ್ನು ಟಂಕಿಸಲೇ ಇಲ್ಲ. ಅಕ್ಕಿಕಾಳನ್ನು ಸೆಳೆಯುವ ‘ರೈಸ್ ಪುಲ್ಲರ್’ ಎಂದು ಅವನ್ನೇ ಮಾರಿ ಓದಿದವರನ್ನೂ ಬೋಳಿಸಿದ್ದಾರೆ.

ಹೊಲ ಉಳುವಾಗ, ಹಳೆಯ ಗೋಡೆ ಕೆಡವುವಾಗ ಗಡಿಗೆ ಸಿಕ್ಕರೆ ಅದು ಟ್ರಂಕಿನ ಗಂಟಿನಂತಲ್ಲ. ಕರ್ನಾಟಕದ 1962ರ ನಿಧಿ ಕಾಯ್ದೆಯ ಪ್ರಕಾರ ಹೂತಿಟ್ಟ ಬೆಲೆಬಾಳುವ ವಸ್ತು ಸಿಕ್ಕರೆ ಜಿಲ್ಲಾಧಿಕಾರಿಗೆ ತಿಳಿಸಬೇಕು. ಮುಚ್ಚಿಟ್ಟು ಪತ್ತಾರನಿಗೆ ಕೊಟ್ಟರೆ ಬೆಳ್ಳಿಯ ಜೊತೆ ಚರಿತ್ರೆಯೂ ಕರಗಿತು. ಯಾವ ಊರಿನಲ್ಲಿ, ಯಾವ ಯಾವ ನಾಣ್ಯ ಒಟ್ಟಿಗೆ ಸಿಕ್ಕವು ಎಂಬ ವಿವರವೇ ನಾಣ್ಯಶಾಸ್ತ್ರಜ್ಞರಿಗೆ ಬೇಕಾದ ಸಾಕ್ಷಿ. ಎ.ವಿ. ನರಸಿಂಹಮೂರ್ತಿಯವರಂಥ ವಿದ್ವಾಂಸರು ಕರ್ನಾಟಕದ ನಾಣ್ಯಗಳ ಚರಿತ್ರೆ ಬರೆದದ್ದು ಕರಗದೆ ಉಳಿದ ಅಂಥ ನಾಣ್ಯಗಳ ಆಧಾರದ ಮೇಲೆ.

ಇನ್ನು ಬೆಂಗಳೂರಿಗೋ ಅಮೆರಿಕಕ್ಕೋ ಹೋದ ಮಕ್ಕಳ ಪಾಲು. ಅಣ್ಣತಮ್ಮಂದಿರು ಗಂಟು ಹಂಚಿಕೊಂಡು, ನೆನಪಿಗಿರಲೆಂದು ಒಂದು ಮುಷ್ಟಿಯನ್ನು ಹೊರದೇಶಕ್ಕೆ ಒಯ್ಯುವ ಯೋಚನೆ ಸಹಜ. 1972ರ ಪ್ರಾಚ್ಯವಸ್ತು ಕಾಯ್ದೆಯಂತೆ ನೂರು ವರ್ಷ ದಾಟಿದ ನಾಣ್ಯ ಪ್ರಾಚ್ಯವಸ್ತು. ಅದನ್ನು ದೇಶದಿಂದ ಹೊರಗೆ ಸಾಗಿಸುವಂತಿಲ್ಲ. ವಿಕ್ಟೋರಿಯಾ, ಎಡ್ವರ್ಡರ ರೂಪಾಯಿಗಳೆಲ್ಲ ಆ ಗೆರೆ ದಾಟಿ ಎಷ್ಟೋ ಕಾಲವಾಯಿತು. ಐದನೆಯ ಜಾರ್ಜನ 1922ರ ರೂಪಾಯಿಯೂ ಈಗ ಒಳಗೆ ಬಂದಿದೆ. ಆದ್ದರಿಂದ ಈ ಪೂರ್ಣಬೆಳ್ಳಿಯ ರೂಪಾಯಿಗಳಿಗೆ ಮುಂದೆ ಎಂಥ ಬೇಡಿಕೆ ಬಂದರೂ ಅದು ಈ ದೇಶದೊಳಗೇ ಬರಬೇಕು. ಆರನೆಯ ಜಾರ್ಜನ 1938ರ ರೂಪಾಯಿಗೆ ಮಾತ್ರ ಇನ್ನೂ ಕೆಲವು ವರ್ಷ ವಾಯಿದೆ ಇದೆ.